ನಾಲ್ಕನೇ ಹದ್ದು

ಸೋಮವಾರ ಬೆಳಗ್ಗೆ ಹತ್ತಕ್ಕೆ ಪಶುವೈದ್ಯೆಯೊಬ್ಬರು ರಟ್ಟಿನ ಪೆಟ್ಟಿಗೆ ತಂದು ಠಾಣೆಯ ಮೇಜಿನ ಮೇಲಿಟ್ಟರು. ಒಳಗೆ ಸತ್ತ ಹದ್ದು. ಒಂದೇ ವಾರದಲ್ಲಿ ಇದು ನಾಲ್ಕನೆಯದು.

"ಏರ್‌ಗನ್ ಗುಂಡು ಸರ್. ಬೆನ್ನಲ್ಲಿ ಹೊಕ್ಕು ಎದೇಲಿ ನಿಂತಿದೆ, ಮೇಲಿಂದ ಹೊಡೆದಿದ್ದಾರೆ. ಹದ್ದು ಹಕ್ಕಿ ಹಿಡಿಯುತ್ತೆ ಅನ್ನೋ ಸಿಟ್ಟಿಗೆ ಪಾರಿವಾಳ ಸಾಕೋರು ಮಾಡಿದ ಕೆಲಸ ಇರಬೇಕು. ಇದರ ಗೂಡು ನೀರಿನ ಟ್ಯಾಂಕ್ ಮೇಲಿದೆ, ಎರಡು ಮರಿ. ತಾಯಿ ಒಂದೇ ಉಳಿದಿರೋದು. ಅದೂ ಹೋದ್ರೆ ಮರಿಗಳು ಉಪವಾಸ ಸಾಯ್ತವೆ."

ಇನ್ಸ್‌ಪೆಕ್ಟರ್ ವನ್ಯಜೀವಿ ಕಾಯ್ದೆಯಡಿ ಎಫ್‌ಐಆರ್ ದಾಖಲಿಸಿದರು. ಹೆಚ್ಚುವರಿ ಸಿಬ್ಬಂದಿ ಕೇಳಿದರೆ ಮೇಲಧಿಕಾರಿ ಫೋನಿನಲ್ಲೇ ನಕ್ಕರು: "ಕಳ್ಳರನ್ನ ಹಿಡಿಯಯ್ಯಾ. ಹದ್ದು ಕಾಯೋಕೆ ಸಂಬಳ ಕೊಡ್ತಿಲ್ಲ." ಥೂ, ಇದೂ ಒಂದು ನೌಕರಿಯೇ!

ಟ್ಯಾಂಕಿಗಿಂತ ಎತ್ತರದ ಕಟ್ಟಡ ಆ ಬೀದಿಯಲ್ಲಿದ್ದದ್ದು ಒಂದೇ. ಮನೆ ಮನೆ ವಿಚಾರಿಸಿದರೂ ಯಾರೂ ಬಾಯಿ ಬಿಡಲಿಲ್ಲ. ಒಬ್ಬರಿಗೆ ಕಿವಿ ಮಂದ, ಇನ್ನೊಬ್ಬರು ಊರಲ್ಲೇ ಇರಲಿಲ್ಲವಂತೆ. ಕೊನೆಯ ಮಹಡಿಯ ಲಿಫ್ಟ್ ಮೆಕ್ಯಾನಿಕ್ ಬಾಗಿಲಿಗೆ ಅಡ್ಡ ನಿಂತೇ ಉತ್ತರಿಸಿದ.

"ಪಾರಿವಾಳ ಸಾಕಿದೀರಾ?"

"ಅಯ್ಯೋ, ನಮ್ಮಮ್ಮಂಗೆ ಪುಕ್ಕ ಕಂಡ್ರೇ ಆಗಲ್ಲ ಸರ್. ಹಾಸಿಗೆ ಹಿಡಿದಿದ್ದಾರೆ."

ಮಧ್ಯಾಹ್ನ ತಾರಸಿಯಲ್ಲಿ ಪಂಚನಾಮೆ. ನೆಲ ಗುಡಿಸಿ ತೊಳೆದಿತ್ತು. ಗುಂಡಿಲ್ಲ, ಪುಕ್ಕವಿಲ್ಲ, ಒಂದು ಕಾಳೂ ಇಲ್ಲ. ಪಂಚರು ಬಿಸಿಲಿಗೆ ಗೊಣಗುತ್ತಿದ್ದರು. ಹೆಡ್ ಕಾನ್‌ಸ್ಟೇಬಲ್ ಎಂದಿನಂತೆ ತಮ್ಮ ಪೆಪ್ಪರ್‌ಮಿಂಟ್ ಡಬ್ಬಿಯನ್ನು ಗಲಗಲ ಅಲ್ಲಾಡಿಸಿದರು.

"ಅದನ್ನ ಒಳಗಿಡ್ರೀ! ಮೊದಲೇ ತಲೆ ಕೆಟ್ಟಿದೆ."

ಇನ್ಸ್‌ಪೆಕ್ಟರ್ ಮಾತು ಮುಗಿಸುವ ಮೊದಲೇ ಅಕ್ಕಪಕ್ಕದ ಕಟ್ಟಡಗಳಿಂದ ಪಾರಿವಾಳಗಳು ಹಾರಿಬಂದು ಬೂಟುಗಳ ಸುತ್ತ ಇಳಿದವು. ಡಬ್ಬಿಯಲ್ಲಿ ಕಾಳು ಅಲ್ಲಾಡಿಸಿ ಕರೆಯುವುದು ಸಾಕುವವರ ರೂಢಿ. ಕಾಳು ಸಿಗದೆ ಹೋದಾಗ ಅಷ್ಟೂ ಹಕ್ಕಿಗಳು ಕೆಳಗಿನ ಒಂದೇ ಕಿಟಕಿಗೆ ಹೋಗಿ ಕೂತವು. ಅದು ಮೆಕ್ಯಾನಿಕ್‌ನ ಮನೆ.

ಲಿಫ್ಟ್ ಯಂತ್ರದ ಕೋಣೆಯ ಕೀಲಿ ಅವನ ಬಳಿಯೇ ಇತ್ತು. ಆ ಕೋಣೆಯಲ್ಲೇ ಏರ್‌ಗನ್ ಸಿಕ್ಕಿತು. ಜಪ್ತಿಯ ಹೊತ್ತಿಗೆ ಪಶುವೈದ್ಯೆಯೂ ಬಂದಿದ್ದರು.

"ಯಾಕ್ರೀ ಹೊಡೆದ್ರಿ?" ಇನ್ಸ್‌ಪೆಕ್ಟರ್ ಕೇಳಿದರು.

"ಅಮ್ಮನ ಬಿಳಿ ಪಾರಿವಾಳನ ಕಣ್ಣೆದುರೇ ಎತ್ಕೊಂಡು ಹೋಯ್ತು ಸರ್. ಅವತ್ತಿಂದ ಅಮ್ಮ ತುತ್ತು ಮುಟ್ತಿಲ್ಲ."

"ಬಾಲ ಕವಲಾಗಿತ್ತಾ?" ಪಶುವೈದ್ಯೆ ನಡುವೆ ಬಾಯಿ ಹಾಕಿದರು.

"ಇಲ್ಲ... ಉದ್ದಕ್ಕಿತ್ತು. ಪಟ್ಟೆ ಪಟ್ಟೆ."

"ಅದು ಗಿಡುಗ ಕಣ್ರೀ! ಹದ್ದಿನ ಬಾಲ ಕವಲು. ನಮ್ಮ ಬೀದಿ ಹದ್ದುಗಳು ಬದುಕೋದೇ ಕಸ, ಹೆಗ್ಗಣದ ಮೇಲೆ."

ಅವನು ನೆಲದ ಮೇಲೆ ಕುಸಿದು ಕೂತ. "ಹಾಗಾದ್ರೆ ನಾಲ್ಕೂ..." ಎಂದ.

ಸಂಜೆ ಐದೂವರೆಗೆ ಬಂಧನ. ಅವನ ಅಕ್ಕ ಬರುವವರೆಗೆ ಮುದುಕಿಯ ಬಳಿ ಇರಲು ಹೆಡ್ ಕಾನ್‌ಸ್ಟೇಬಲ್‌ಗೆ ಹೇಳಿ ಇನ್ಸ್‌ಪೆಕ್ಟರ್ ಹೊರಟರು. ಆರೋಪಿ ಸಿಕ್ಕಿದ್ದ, ಟ್ಯಾಂಕಿನ ಮೇಲೆ ತಾಯಿಹದ್ದು ಮರಿಗಳ ಬಳಿ ಕೂತಿತ್ತು. ಆದರೂ ಸಿಟ್ಟು ಇಳಿದಿರಲಿಲ್ಲ, ಯಾರ ಮೇಲೆ ತೀರಿಸಿಕೊಳ್ಳುವುದೋ ತಿಳಿಯಲಿಲ್ಲ.

ಒಳಗಿನಿಂದ ಕ್ಷೀಣ ದನಿ ಕೇಳಿತು. "ಬಿಳಿ ಬಂದ್ಲೇನೋ ಮಗಾ?"

"ಕರೀತಾ ಇದೀನಮ್ಮ. ನೀವು ಒಂದು ತುತ್ತು ತಿನ್ನಿ," ಎಂದ ಹೆಡ್ ಕಾನ್‌ಸ್ಟೇಬಲ್ ಕಿಟಕಿಯಾಚೆ ಕೈ ಚಾಚಿ ಡಬ್ಬಿ ಅಲ್ಲಾಡಿಸಿದರು. ಮೆಟ್ಟಿಲಿಳಿಯುತ್ತಿದ್ದ ಇನ್ಸ್‌ಪೆಕ್ಟರ್‌ಗೆ ಆ ಸದ್ದು ಕೇಳಿಸಿತು. ಈ ಸಲ ಅವರು ಬೇಡ ಅನ್ನಲಿಲ್ಲ.