ಇಬ್ಬರು ಲೊರೆದಾನಾ ಬೊಸ್ಕೊಲೊ

“ಅಯ್ಯೋ! ಕಣ್ಣು ಕಾಣಲ್ವೇನ್ರೀ?”

ಕ್ಯೋಜ್ಜಾ ಊರಿನ ಮೀನುಪೇಟೆಯಲ್ಲಿ ಲೊರೆದಾನಾಳ ಚಿಪ್ಪುಮೀನಿನ ಬುಟ್ಟಿ ಮಗುಚಿ ಬಿದ್ದಿತ್ತು. ಕೆಡವಿದವನು ಮಂಡಿಯೂರಿ ಒಂದೊಂದೇ ಹೆಕ್ಕತೊಡಗಿದ. ದೋಣಿಗಳ ಎಂಜಿನ್ ರಿಪೇರಿಗೆಂದು ಬೆಟ್ಟದ ಸೀಮೆಯಿಂದ ಬಂದಿದ್ದ ಅತ್ತಿಲಿಯೊ.

“ತಪ್ಪಾಯ್ತು... ನಿಮ್ಮ ಹೆಸರು?”

“ಲೊರೆದಾನಾ ಬೊಸ್ಕೊಲೊ.”

“ನೀವೂನಾ? ದೋಣಿ ಮಾಲೀಕ ಬೊಸ್ಕೊಲೊ, ಕ್ಷೌರದವನು ಬೊಸ್ಕೊಲೊ, ಬೆಳಗ್ಗೆ ನನ್ನ ಬೈದ ಪಾದ್ರಿಯೂ ಬೊಸ್ಕೊಲೊ!”

ಅವಳಿಗೆ ನಗು ತಡೆಯಲಾಗಲಿಲ್ಲ. “ಅರ್ಧ ಊರೇ ನಾವು. ಬೋಸ್ಕೊ ಅಂದ್ರೆ ಕಾಡು. ಹಿರೀಕರು ಯಾವುದೋ ಕಾಡಿನ ಕಡೆಯಿಂದ ಬಂದ್ರಂತೆ.”

“ಸುತ್ತ ನೀರು, ಒಂದು ಮರ ಇಲ್ಲ... ಕಾಡಂತೆ!”

ಅಷ್ಟು ಜನ ಬೊಸ್ಕೊಲೊಗಳನ್ನು ಗುರುತಿಸಲು ಮನೆಗೊಂದು ಅಡ್ಡಹೆಸರಿತ್ತು. ಲೊರೆದಾನಾಳ ಮನೆಯದು ‘ಹಾವುಮೀನು’. ಅವನೆದುರು ಅದನ್ನು ಹೇಳಲು ನಾಚಿಕೆ. ಬೇಸಿಗೆಯಿಡೀ ಜೊತೆಯಲ್ಲಿ ಓಡಾಡಿದರೂ ಹೇಳಲೇ ಇಲ್ಲ!

ಸೆಪ್ಟೆಂಬರಿನಲ್ಲಿ ಅವನಿಗೆ ಜೆನೋವಾದ ಹಡಗು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. “ಹೋದ ತಕ್ಷಣ ಕಾಗದ ಹಾಕ್ತೀನಿ” ಎಂದು ಹೊರಟವನಿಂದ ಒಂದು ಸಾಲೂ ಬರಲಿಲ್ಲ.

ಅಮ್ಮ ತೀರಿಹೋದ ಮೇಲೆ ಮನೆಯಲ್ಲಿ ಅವಳೊಬ್ಬಳೇ. ಒಬ್ಬಳಿಗಾಗುವಷ್ಟೇ ಮುಸುಕಿನ ಜೋಳದ ಮುದ್ದೆ ತಿರುವುತ್ತಾ ಚಳಿಗಾಲ ಕಳೆದಳು. ಅಂಚೆಯವನ ಸೈಕಲ್ ಬಾಗಿಲು ದಾಟಿ ಹೋದಾಗಲೆಲ್ಲ ಎದೆ ಖಾಲಿ ಖಾಲಿ.

‘ಅವನಿಗೆ ನಾನು ಹೊತ್ತು ಕಳೆಯೋಕಷ್ಟೇ ಬೇಕಿತ್ತೇನೋ...’

ಏಪ್ರಿಲ್‌ನ ಒಂದು ಬೆಳಗ್ಗೆ ಮೀನುಪೇಟೆಯಲ್ಲಿ ಕಪ್ಪು ಶಾಲು ಹೊದ್ದ ಮುದುಕಿಯೊಬ್ಬಳು ಅವಳ ಮುಂದೆ ನಿಂತಳು. ಕೈಯಲ್ಲಿ ಹನ್ನೊಂದು ಕಾಗದ!

“ಮಗಳೇ, ನಾನೂ ಲೊರೆದಾನಾ ಬೊಸ್ಕೊಲೊ. ವಿಳಾಸದಲ್ಲಿ ಅಡ್ಡಹೆಸರಿಲ್ಲ ನೋಡು, ಅಂಚೆಯವನು ನಂಗೆ ಕೊಟ್ಟ. ಮೊದಲನೇದು ಗೊತ್ತಿಲ್ಲದೆ ಒಡೆದೆ. ಮೀನುಪೇಟೆ ಹುಡುಗಿ ಅಂತ ಓದಿದ ಮೇಲೂ... ಇಟ್ಕೊಂಡೆ. ಇಪ್ಪತ್ತು ವರ್ಷದಿಂದ ನಂಗೆ ಯಾರೂ ಬರೆದಿರಲಿಲ್ಲ ಕಣೇ.”

ಲೊರೆದಾನಾಳ ಮೈಯೆಲ್ಲ ಉರಿಯಿತು. “ನನ್ನ ಏಳು ತಿಂಗಳು ನುಂಗಿಬಿಟ್ರಲ್ಲಾ!”

“ಬೈಯಿ, ಎಷ್ಟಾದ್ರೂ ಬೈಯಿ. ಮೊದಲು ಕೊನೇದನ್ನ ಓದು.”

‘ಮದುವೆಯಾಗುತ್ತೀಯಾ ಎಂದು ಮೂರು ಸಲ ಕೇಳಿದೆ. ನಿನ್ನ ಮೌನವೇ ಉತ್ತರ ಎಂದುಕೊಳ್ಳುತ್ತೇನೆ. ಇನ್ನು ಬರೆಯುವುದಿಲ್ಲ.’

ಅಕ್ಷರಗಳು ಕಣ್ಣೀರಿನಲ್ಲಿ ಕಲಸಿಹೋದವು. ಏಪ್ರನ್ ಬಿಚ್ಚಿ ಮುದುಕಿಯ ಕೈಗಿಟ್ಟಳು.

“ಬುಟ್ಟಿ ನೋಡ್ಕೊಳ್ಳಿ. ರೈಲಿಗೆ ಹೊತ್ತಾಯ್ತು!”

ಮರುದಿನ ಮಧ್ಯಾಹ್ನ ಕಾರ್ಖಾನೆಯ ಗೇಟಿನಿಂದ ಹೊರಬಂದ ಅತ್ತಿಲಿಯೊ ಅವಳನ್ನು ಕಂಡು ನಿಂತಲ್ಲೇ ನಿಂತ.

“ಲೊರೆದಾನಾ?... ಈಗ ಯಾಕೆ ಬಂದೆ?”

“ಆಗ್ತೀನಿ ಅಂತ ಹೇಳೋಕೆ.”

ಬಿಕ್ಕುತ್ತಲೇ ಎಲ್ಲವನ್ನೂ ಹೇಳಿದಳು. ಕೇಳುತ್ತಾ ಕೇಳುತ್ತಾ ಅವನ ಕಿವಿಗಳು ಕೆಂಪಾದವು.

“ಅಂದ್ರೆ... ನಾನು ಬರೆದದ್ದೆಲ್ಲಾ ಆ ಅಜ್ಜಿ ಓದಿದ್ದಾರಾ?”

“ಎಲ್ಲಾ!”

ಅವನು ಅವಳನ್ನು ಎದೆಗೆ ಒತ್ತಿಕೊಂಡ. ಅವನ ಅಂಗಿಯಲ್ಲಿ ಮುಖ ಹುದುಗಿಸಿ ಅವಳು ಮೆಲ್ಲಗೆ ಹೇಳಿದಳು:

“ಅತ್ತಿಲಿಯೊ... ಅವರಿಗೂ ಒಂದು ಕಾಗದ ಹಾಕೋಣ. ಇನ್ಮೇಲೆ ಅವರ ಬಾಗಿಲಿಗೆ ಅಂಚೆಯವನು ಬರಲ್ಲ.”

“ಏನಂತ ಬರೀಲಿ?”

“ಮದುವೆಗೆ ಬನ್ನಿ ಅಂತ.”