ಗುರುವಾರದ ಟಪಾಲು

ಗಂಡ ತೀರಿಕೊಂಡು ಒಂಬತ್ತು ವರ್ಷವಾದ ಮೇಲೆ, ನಿಮ್ಮ ಮನೆಯಲ್ಲಿ ಇನ್ನೊಬ್ಬ ಗಂಡಸು ಮೂರು ವರ್ಷದಿಂದ ಸಂಸಾರ ಹೂಡಿದ್ದಾನೆಂದು ಊರಿನ ಆಡಳಿತ ನೋಡುವ ಕೌನ್ಸಿಲ್‌ನವರೇ ಪತ್ರ ಬರೆದರೆ ಹೇಗಾಗಬೇಡ? ಇಂಗ್ಲೆಂಡಿನ ಯಾರ್ಕ್‌ಶೈರಿನ ಕಾಲುವೆ ಬದಿಯ ಊರಿನಲ್ಲಿದ್ದ ಅರವತ್ತೆಂಟರ ನೊರೀನಳಿಗೆ ಹಾಗೇ ಆಯಿತು.

'ಕ್ಲೆಮೆಂಟ್ ಟಾರ್ಡಾಫ್ ನಿಮ್ಮ ಸಂಗಾತಿ. ಅದನ್ನು ಮುಚ್ಚಿಟ್ಟು, ಒಂಟಿಯೆಂದು ಹೇಳಿ ನಮ್ಮಿಂದ ಹೆಚ್ಚಿನ ಬಾಡಿಗೆ ನೆರವು ಪಡೆದಿದ್ದೀರಿ. ಹಿಂದಿರುಗಿಸಿ.'

ಮೊದಲು ನಗು ಬಂತು. ಆಮೇಲೆ ಕೂತು ಲೆಕ್ಕ ಹಾಕಿದಳು. ಅಷ್ಟು ಹಣ ಹಿಂದಿರುಗಿಸಿದರೆ ಬಾಡಿಗೆ ಕಟ್ಟಲಾಗದು, ಮನೆಯನ್ನೇ ಬಿಡಬೇಕು.

ನೊರೀನಳ ಪರಿಚಯದವನಾದ ಕ್ಲೆಮೆಂಟನ ವಾಸ ಕಾಲುವೆಯ ದೋಣಿಯಲ್ಲಿ. ಹದಿನಾಲ್ಕು ದಿನಕ್ಕಿಂತ ಹೆಚ್ಚು ಒಂದೇ ಕಡೆ ದೋಣಿ ಕಟ್ಟುವಂತಿಲ್ಲ. ಹಾಗೆ ಸುತ್ತುವವನಿಗೆ ವಿಳಾಸ ಎಲ್ಲಿಂದ ಬರಬೇಕು? ಪಿಂಚಣಿ, ಬ್ಯಾಂಕು, ಕಣ್ಣಾಸ್ಪತ್ರೆ, ಎಲ್ಲದಕ್ಕೂ ನೊರೀನಳ ಮನೆಯ ವಿಳಾಸವನ್ನೇ ಕೊಟ್ಟಿದ್ದ. ಪ್ರತಿ ಗುರುವಾರ ಬಂದು ಟಪಾಲು ಒಯ್ಯುತ್ತಿದ್ದ, ಚಹಾ ಕುಡಿಯುತ್ತಿದ್ದ. ಒಂದೇ ವಿಳಾಸದಲ್ಲಿ ಎರಡು ಹೆಸರು ಕಂಡದ್ದೇ ಕೌನ್ಸಿಲ್ ಕಂಪ್ಯೂಟರಿಗೆ ಸಾಕಾಯಿತು.

"ನನ್ನಿಂದ ನಿಮ್ಮ ಮರ್ಯಾದೆ ಹೋಯ್ತು," ಅಂದ ಕ್ಲೆಮೆಂಟ್, ಟೋಪಿ ಹಿಂಡುತ್ತಾ.

"ಮರ್ಯಾದೆ ಹಾಳಾಗ್ಲಿ, ಮನೆ ಹೋಗುತ್ತಲ್ರೀ. ಸುಮ್ನೆ ನನ್ನ ಜೊತೆ ಬಂದು ಸಾಕ್ಷಿ ಹೇಳಿ."

ನೊರೀನಳ ತಕರಾರಿನ ವಿಚಾರಣೆಯ ದಿನ ಎರಡು ಬಸ್ಸು ಬದಲಿಸಿ ಬಂದ. ದೋಣಿ ಯಾವತ್ತು ಎಲ್ಲಿತ್ತೆಂದು ಬರೆದಿಟ್ಟ ಡೈರಿ ಕೈಯಲ್ಲಿತ್ತು. ಕಟ್ಟಿದ್ದ ಟೈ ವಾರೆಯಾಗಿತ್ತು. ಸರಿಮಾಡಲು ಕೈಯೆತ್ತಿದ ನೊರೀನ್, ಕೌನ್ಸಿಲ್ ಕಚೇರಿಯಲ್ಲಿದ್ದೇವೆಂದು ನೆನಪಾಗಿ ಥಟ್ಟನೆ ಇಳಿಸಿದಳು. ಅವನು ಕಡೆಗಣ್ಣಲ್ಲಿ ನೋಡಿ ನಕ್ಕ. ಅವಳು ಹುಸಿಮುನಿಸಿನಿಂದ ಮುಖ ತಿರುಗಿಸಿದಳು.

"ಇವರ ಬಟ್ಟೆ ಒಗೀತೀರಾ?" ಅಧಿಕಾರಿ ಮಿಸೆಸ್ ಹೋಲ್ರಾಯ್ಡ್ ಕೇಳಿದಳು.

"ನನ್ನದು ಒಗೆಯೋಕೇ ಬೇಜಾರು," ಅಂದಳು ನೊರೀನ್.

"ರಾತ್ರಿ ಉಳ್ಕೋತಾರಾ?"

"ಕೊನೇ ಬಸ್ಸು ಐದೂವರೆಗೆ," ಅಂದ ಕ್ಲೆಮೆಂಟ್. "ಒಂದು ದಿನಾನೂ ತಪ್ಪಿಸ್ಕೊಂಡಿಲ್ಲ."

ನೊರೀನ್ ತನ್ನ ನೋಟ್‌ಬುಕ್ ಮುಂದಿಟ್ಟಳು. ಅವನು ಒಯ್ದ ಪ್ರತಿ ಟಪಾಲೂ ತಾರೀಖಿನ ಸಮೇತ ಅದರಲ್ಲಿತ್ತು. ಪುಟ ತಿರುವುತ್ತಿದ್ದ ಅಧಿಕಾರಿಯ ಬೆರಳು ನಿಂತಿತು.

"ಹತ್ತೊಂಬತ್ತು ಗುರುವಾರ 'ಟಪಾಲಿಲ್ಲ, ಬಂದಿದ್ದರು' ಅಂತಿದೆ. ಯಾಕೆ ಬಂದಿದ್ರಿ?"

ಕ್ಲೆಮೆಂಟನ ಕಿವಿಗಳು ಕೆಂಪಾದವು. "ಚಹಾ ಚೆನ್ನಾಗಿರುತ್ತೆ."

"ಚಹಾ ಕುಡಿದ ಮಾತ್ರಕ್ಕೆ ಸಂಸಾರ ಆಗಲ್ಲ," ಅನ್ನುತ್ತಾ ಆಕೆ ಸಹಿ ಹಾಕಿದಳು. "ತಪ್ಪು ನಮ್ಮದೇ. ನೀವೇನೂ ಕೊಡಬೇಕಾಗಿಲ್ಲ."

ನೊರೀನಳ ಕಣ್ಣು ತುಂಬಿ ಬಂತು. ಅಧಿಕಾರಿಯ ಎರಡೂ ಕೈ ಹಿಡಿದು ಥ್ಯಾಂಕ್ಸ್ ಹೇಳಿದಳು.

ಹೊರಗೆ ಮೆಟ್ಟಿಲ ಮೇಲೆ ಅವನನ್ನು ತಡೆದು ನಿಲ್ಲಿಸಿದಳು. "ಹತ್ತೊಂಬತ್ತು ಗುರುವಾರ ದಂಡಕ್ಕೆ ಓಡಾಡಿದ್ರಲ್ಲ. ಒಂದು ಫೋನ್ ಮಾಡಿ ಕೇಳಬಾರದಿತ್ತಾ?"

"ಟಪಾಲಿಲ್ಲ ಅಂತ ನೀವೂ ಫೋನ್ ಮಾಡಬಹುದಿತ್ತು."

ಗುರುವಾರ ಬೆಳಿಗ್ಗೆ ಫೋನಿನ ಹತ್ತಿರವೂ ಸುಳಿಯದೆ, ಎರಡು ಕಪ್ಪು ತೊಳೆದಿಟ್ಟು ಕಾಯುತ್ತಿದ್ದವಳು ಅವಳೇ ತಾನೆ.

"ಗುರುವಾರ ಒಂದೇ ಸಾಕಾಗ್ತಿಲ್ಲ, ನೊರೀನ್," ಅಂದ ಅವನು ಮೆಲ್ಲಗೆ. "ಆ ಬಸ್ಸು ಹತ್ತೋಕೆ ಕಾಲೇ ಬರಲ್ಲ. ನಿನ್ನ ಕಂಡರೆ ನನಗೆ ತುಂಬಾ ಪ್ರೀತಿ."

ಈ ವಯಸ್ಸಿನಲ್ಲಿ ಇಂಥ ಮಾತು ಕೇಳುವ ಪುಣ್ಯ ಎಷ್ಟು ಜನಕ್ಕುಂಟು? ಅವನಿಗೆ, ಆ ಅಧಿಕಾರಿಗೆ, ಕೊನೆಗೆ ಆ ದರಿದ್ರ ಪತ್ರಕ್ಕೂ ಅವಳು ಮನಸಾರೆ ಋಣಿಯಾದಳು. ಅವನ ತೋಳು ಹಿಡಿದುಕೊಂಡು ಮತ್ತೆ ಒಳಗೆ ನಡೆದಳು.

"ಇನ್ನೇನಾಯ್ತು?" ಮಿಸೆಸ್ ಹೋಲ್ರಾಯ್ಡ್ ತಲೆಯೆತ್ತಿದಳು.

"ಪರಿಸ್ಥಿತಿ ಬದಲಾದ್ರೆ ತಿಳಿಸ್ಬೇಕಲ್ವಾ, ಅದರ ಫಾರಂ ಕೊಡಿ," ಅಂದಳು ನೊರೀನ್. "ನೀವು ಬರೆದಿದ್ದು ಇಷ್ಟು ದಿನ ಸುಳ್ಳಾಗಿತ್ತು. ಇವತ್ತಿಂದ ನಿಜ."