ಎಸಳು ಸುಲಿದ ಹೂವು

ಕಾಯಿ ಕಟ್ಟಬಾರದ ಹತ್ತಿ ಗಿಡಗಳಲ್ಲಿ ಕಾಯಿ ಕಟ್ಟಿತ್ತು!

ವಸುಧಾಳ ಕೈಯಲ್ಲಿದ್ದ ನೀರಿನ ಪೈಪು ಜಾರಿತು. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಆ ಗ್ರೀನ್‌ಹೌಸಿನಲ್ಲಿದ್ದದ್ದು ಎರಡೇ ಸಾಲು. ಎರಡೂ ಹುಟ್ಟಿನಿಂದಲೇ ಪರಾಗವಿಲ್ಲದ ತಳಿ. ಬಲಸಾಲಿಗೆ ಮಾತ್ರ ಅವಳು ಪರಾಗ ಮರಳಿಸುವ ಜೀನು ಸೇರಿಸಿದ್ದಳು. ಅಲ್ಲಿ ಕಾಯಿ ಬಂದಿತ್ತು. ಎಡಸಾಲು ಬರಿದಾಗಿಯೇ ಉಳಿದರೆ ತಾನೇ ಅದು ಜೀನಿನ ಕೆಲಸವೆಂದು ಜನ ನಂಬುವುದು? ಈಗ ಅಲ್ಲೂ ಹಸಿರು ಕಾಯಿ. ವರ್ಷಗಳ ದುಡಿಮೆ ಮಣ್ಣುಪಾಲು.

ಇದು ಸಹೋದ್ಯೋಗಿ ಕುಶಲನದೇ ಕೈವಾಡ ಎಂದು ಅವಳು ಗ್ರೀನ್‌ಹೌಸಿನ ಮೇಲ್ವಿಚಾರಕಿ ತೇಜಸ್ವಿನಿಗೆ ಹೇಳಿಬಿಟ್ಟಳು. ಅವನ ಪ್ರಾಜೆಕ್ಟು ನಿಲ್ಲಿಸಿಯೇ ಇವಳದಕ್ಕೆ ಜಾಗ ಕೊಟ್ಟಿದ್ದರು.

ತೇಜಸ್ವಿನಿ ಕೀಟ ತಡೆಯುವ ಬಲೆ ಪರೀಕ್ಷಿಸಿದಳು. ತೂತಿಲ್ಲ; ಜೇನು ಬಂದಿಲ್ಲ. ಕುಶಲನನ್ನು ಕರೆಸಿದಳು.

"ಪರಾಗ ಹಚ್ಚೋಕೆ ಬ್ರಷ್ಷು ಬೇಕಲ್ಲ ಮೇಡಮ್? ನನ್ನದನ್ನ ವಸುಧಾ ಅವರೇ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ."

ತೇಜಸ್ವಿನಿ ಬಗ್ಗಿ, ಎಡಸಾಲಿನ ಕುಂಡದ ಬುಡದಿಂದ ಒಣಗಿದ ಏನನ್ನೋ ಎತ್ತಿದಳು.

"ಉದುರಿದ ಹೂವು. ಬೆಳಿಗ್ಗೆಯೇ ನೋಡಿದೆ," ಎಂದಳು ವಸುಧಾ.

"ಉದುರಿದ್ದಾ? ಹಾಗಾದ್ರೆ ಎಸಳೆಲ್ಲಿ? ಹತ್ತಿ ಹೂವು ಉದುರಿದರೆ ಎಸಳೂ ಜೊತೆಗೇ ಬೀಳುತ್ತೆ. ಇಲ್ಲಿ ನಡುವಿನ ಕೇಸರ ಮಾತ್ರ ಇದೆ. ಯಾರೋ ಸುಲಿದಿದ್ದಾರೆ. ಬ್ರಷ್ಷು ಹಿಡಿಯೋರು ಯಾಕ್ರೀ ಎಸಳು ಸುಲೀತಾರೆ?"

ವಸುಧಾಳಿಗೆ ಹಾವೇರಿ ಕಡೆಯ ಬೀಜದ ಹತ್ತಿಯ ಹೊಲ ಕಣ್ಣಿಗೆ ಕಟ್ಟಿತು — ಹೂವಿನ ಎಸಳು ಸುಲಿದು, ಕೇಸರವನ್ನು ಹೂವಿನಿಂದ ಹೂವಿಗೆ ಸವರುತ್ತ ಸಾಲು ಮುಗಿಸುವ ಹೆಂಗಸರು. ಅವರ ನಡುವೆ ಅವ್ವ.

"ನಿಮ್ಮ ತಾಯಿ, ವಸುಧಾ," ಎಂದಳು ತೇಜಸ್ವಿನಿ ಮೆಲ್ಲಗೆ. "ಹೋದ ವಾರ ಕರ್ಕೊಂಡು ಬಂದಿದ್ರಿ. ನೀವು ಹೊರಗೆ ಫೋನಿನಲ್ಲಿ ಮೀಟಿಂಗಲ್ಲಿದ್ರಿ, ಅವರೊಬ್ಬರೇ ಒಳಗಿದ್ರು."

ಅಪಾರ್ಟ್‌ಮೆಂಟಿನಲ್ಲಿ ಒಬ್ಬಳೇ ಬೇಸರವೆಂದಿದ್ದಳು ಅವ್ವ. ವಸುಧಾ ಅವಳಿಗೆ ಫೋನು ಹಚ್ಚಿ, ಸ್ಪೀಕರಿಗಿಟ್ಟು ಕೇಳಿದಳು.

"ಹೌದವಾ, ನಾನ ಹಚ್ಚೀನಿ," ಎಂದಳು ನೀಲವ್ವ. "ಒಂದು ಸಾಲಿನ್ಯಾಗ ಪುಡಿನ ಇರಲಿಲ್ಲ. ಹೂವು ಸುಮ್ನ ಉದುರತಿದ್ವು. ಆ ಕಡಿ ಸಾಲಿಂದ ನಾಕು ಹೂವು ಹರದು ಹಚ್ಚಿದೆ. ಮಗಳ ಬೆಳಿ ಕೆಟ್ಟೀತಂತ ಜೀವ ತಡೀಲಿಲ್ಲ."

ತೇಜಸ್ವಿನಿಯ ಹುಬ್ಬೇರಿತು. "ಆ ಕಡೆ ಸಾಲಿಂದ? ಅಂದ್ರೆ ನಿಮ್ಮ ಜೀನಿನ ಗಿಡದ ಪರಾಗ ವಸುಧಾ! ಈ ಕಾಯಿಯ ಬೀಜದಲ್ಲಿ ಆ ಜೀನು ಸಿಕ್ಕರೆ, ಆ ಪರಾಗಕ್ಕೆ ಜೀವ ಇದೆ ಅನ್ನೋಕೆ ಬೇರೆ ಸಾಕ್ಷಿ ಬೇಕಾ?"

"ಯಾಕವಾ, ಕಾಯಿ ಕಟ್ಟಿಲ್ಲೇನು?" ಫೋನು ಕೇಳಿತು.

"ಕಟ್ಟ್ಯಾವಬೇ," ಎಂದಳು ವಸುಧಾ. ಫೋನಿಟ್ಟು ಕುಶಲನತ್ತ ತಿರುಗಿದಳು.

"ಬೀರುವಿನ ಕೀ ಕೊಡ್ತೀರಾ? ನನ್ನ ಬ್ರಷ್ಷು ತಗೋಬೇಕು," ಎಂದ ಅವನು.